ಹಮೀದ್ ಸಾಬರ ಎರಡು ನೀಲಿ

ಸರಕು ಅಂತ ತೂಗಿ ನೋಡಿದರೆ ಹಮೀದ್ ಸಾಬರು ಹೆಚ್ಚು ಬೆಲೆ ಬಾಳುವವರಲ್ಲ. ಆಳು ಐದು ಮಣ ಬರಬಹುದು. ಅದರಲ್ಲಿ ಒಂದು ಮಣ ಮಾತು, ಅರ್ಧ ಮಣ ಮೀಸೆ. ಅಂಗಿಯ ಮೇಲಿನ ಗ್ರೀಸನ್ನು ಕೆರೆದು ತೆಗೆದರೆ ಒಂದು ಗಾಡಿಯ ಅಚ್ಚಿಗೆ ಸಾಕಾಗುತ್ತಿತ್ತು. ಎಡಗೈಯ ಕಿರುಬೆರಳು ಹಿಂದೊಮ್ಮೆ ಯಾವುದೋ ಇಂಜಿನ್ನಿಗೆ ಸುಂಕ ಕಟ್ಟಿ ಗಿಡ್ಡವಾಗಿತ್ತು. ನಾನು ಮಳವಳ್ಳಿ ಪೇಟೆಯಲ್ಲಿ ಹಿಂಡಿ, ಗೊಬ್ಬರ, ಕಡಲೆಕಾಯಿ ಎಣ್ಣೆ ಮಾರುವವನು. ಚೀಲದ ಬಾಯಿಗೆ ಕೈ ಹಾಕಿ, ಒಂದು ಹಿಡಿ ತೆಗೆದು ಮೂಸಿ ಬೆಲೆ ಕಟ್ಟುವುದು ನನ್ನ ಕಸುಬು. ಮನುಷ್ಯರನ್ನು ಕಂಡರೂ ಅದೇ ಚಾಳಿ. ಸಾಬರಿಗೆ ನಾನು ಕಟ್ಟಿದ ಬೆಲೆ ಇಷ್ಟು: ಮೇಲಿನ ಹಿಡಿ ಚೆನ್ನಾಗಿದೆ, ತಳದಲ್ಲಿ ಕಲ್ಲಿರಬಹುದು, ನಗದು ಕೊಟ್ಟು ಕೊಳ್ಳತಕ್ಕ ಮಾಲಲ್ಲ.

ಅವರ ತಂದೆ ಇದೇ ಮಳವಳ್ಳಿಯಲ್ಲಿ ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಮಗನಿಗೆ ಕಲಾಯಿಯ ಹೊಗೆ ಹಿಡಿಸಲಿಲ್ಲ, ಇಂಜಿನ್ನಿನ ಹೊಗೆ ಹಿಡಿಸಿತು. ಶಿವನಸಮುದ್ರದ ಕರೆಂಟಿನ ಮನೆಯಲ್ಲಿ ಯಂತ್ರ ಒರೆಸುವ ಕೂಲಿಗೆ ಸೇರಿ, ಅಲ್ಲಿನ ಒಬ್ಬ ಫಿಟ್ಟರಿನ ಹಿಂದೆ ಸುತ್ತಿ ಕೆಲಸ ಕಲಿತರು. ಯುದ್ಧಕ್ಕೆ ಒಂದೆರಡು ವರ್ಷ ಮುಂಚೆ ಹೆಂಡತಿ ಅಜೀಜಾಳನ್ನು ಕರೆದುಕೊಂಡು ಪಡುವಣ ಕಡಲಿಗೆ ಹೊರಟುಹೋದರು. ಅಲ್ಲಿ ಒಬ್ಬ ಡಾಕ್ಟರ ಮೋಟಾರು ದೋಣಿ ನಡೆಸುವ ಕೆಲಸ. ಡಾಕ್ಟರೆಂದರೆ ಸೂಜಿ ಚುಚ್ಚುವವರಲ್ಲ, ಸಮುದ್ರದ ನೀರಿಗೆ ನಾಡಿ ಹಿಡಿಯುವವರು.

ನಲವತ್ತೆರಡರಲ್ಲಿ ಆ ದೋಣಿಯನ್ನು ಮಿಲಿಟರಿಯವರು ತೆಗೆದುಕೊಂಡರು. ಸಾಬರು ಊರಿಗೆ ವಾಪಸಾದರು. ಬಂದವರು ಮೊದಲು ಕೂತದ್ದು ನನ್ನ ಅಂಗಡಿಯ ಹಿಂಡಿ ಮೂಟೆಯ ಮೇಲೆ.

"ಏನ್ ಕೆಲಸ ಮಾಡ್ತಿದ್ರಿ ಸಾಬ್ರೆ ಅಲ್ಲಿ?" ಅಂದೆ.

"ದೋಣಿ ಓಡ್ಸದು, ನೀರು ತುಂಬದು, ಸೆಟ್ರೆ."

"ಎಲ್ಲಿಂದ?"

"ಸಮುದ್ರದಿಂದ."

"ಎಲ್ಲಿಗೆ?"

"ಸೀಸೆಗೆ."

"ಅದಕ್ಕೆ ಸಂಬಳ ಕೊಡ್ತಿದ್ರಾ?"

"ತಿಂಗಳು ತಿಂಗಳಿಗೆ ಸರ್ಯಾಗಿ."

"ಅಷ್ಟು ವರ್ಷ ತುಂಬಿದ್ರಲ್ಲ, ಸಮುದ್ರ ಏನಾದ್ರೂ ತಗ್ಗಿತಾ?"

ಸಾಬರಿಗೆ ಚುಚ್ಚುಮಾತು ನಾಟುವುದಿಲ್ಲ. ಮೀಸೆಯ ತುದಿ ಹುರಿಮಾಡಿಕೊಂಡು ಶುರುಮಾಡಿದರು.

"ನಗ್ಬ್ಯಾಡಿ. ನೀರಲ್ಲಿ ರಂಜಕ ಅಂತ ಒಂದದೆ. ನೀವು ಮಾರೋ ಮೂಳೆ ಗೊಬ್ಬರದಲ್ಲಿ, ಮೀನು ಗೊಬ್ಬರದಲ್ಲಿ ಇರೋದೂ ಅದೇಯ. ಅದಿಲ್ದೆ ಪಾಚಿ ಬೆಳೆಯಾಕಿಲ್ಲ, ಪಾಚಿ ಇಲ್ದೆ ಮೀನಿಲ್ಲ. ಡಾಕ್ಟ್ರು ಸೀಸೆ ನೀರಿಗೆ ಎಂಥದೋ ಎರಡು ತೊಟ್ಟು ಬುಟ್ರೆ ನೀಲಿ ಬಣ್ಣ ಬತ್ತದೆ. ರಂಜಕ ಎಷ್ಟದೋ ಅಷ್ಟು ನೀಲಿ. ಒಂದೊಂದು ದಿನ ನಾನು ತಂದ ನೀರಿಗೆ ಬಣ್ಣಾನೇ ಬರ್ತಿರ್ನಿಲ್ಲ. ಆಗ ಡಾಕ್ಟ್ರು ಏನ್ ಮಾಡೋರು? ಅದೇ ನೀರಿಗೆ ಆಸಿಡ್ ಆಕಿ, ಒಲೆ ಮೇಲಿಟ್ಟು ಬೇಯ್ಸೋರು. ಬೆಂದ ಮೇಲೆ ತೊಟ್ಟು ಬುಟ್ರೆ, ನೋಡಿ, ಕಡು ನೀಲಿ! ಬೇಯ್ಸೋಕೆ ಮುಂಚೆ ಒಂದು ನೀಲಿ, ಬೆಂದ ಮೇಲೆ ಇನ್ನೊಂದು ನೀಲಿ."

"ಬೇಯಿಸೋಕೆ ಮುಂಚೆ ಎಲ್ಲಿತ್ತಂತೆ?"

"ನೀರಲ್ಲೇ ಕರಗಿ ಕುಂತಿತ್ತು. ಸತ್ತ ಮೀನು, ಕೊಳೆತ ಪಾಚಿ, ಇವುಗಳ ರಸ ನೀರಲ್ಲಿ ಸೇರ್ಕತದಲ್ಲ, ಆ ರಸದೊಳಗೆ ಸಿಗಾಕ್ಕಂಡಿರ್ತದೆ. ಇರ್ತದೆ, ಆದ್ರೆ ಕೈಗೆ ಸಿಕ್ಕಾಕಿಲ್ಲ. ತೆನೆ ಒಳಗೆ ರಾಗಿ ಇದ್ದಂಗೆ. ತೆನೆ ಹಂಗೇ ಎಸರಿಗಾಕುದ್ರೆ ಮುದ್ದೆ ಆದದಾ? ಬಡೀಬೇಕು, ಬೀಸ್ಬೇಕು."

"ಸಮುದ್ರದಲ್ಲಿ ತೆನೆ ಬಡಿಯೋರು ಯಾರು?"

"ಕಣ್ಣಿಗೆ ಕಾಣದ ಉಳ. ಬರಗಾಲ ಬಂದಾಗ ಪಾಚೀನೂ ತಾನೇ ಒಂದು ರಸ ಬುಟ್ಟು ರಂಜಕಾನ ಬುಡಿಸ್ಕತದೆ ಅಂತ ಡಾಕ್ಟ್ರಿಗೆ ಅನುಮಾನ."

ಡಾಕ್ಟರಿಗೆ ಅನುಮಾನ, ಸಾಬರಿಗೆ ಖಾತ್ರಿ. ವ್ಯಾಪಾರಸ್ಥನಾದ ನನಗೆ ಇಂಥ ಗಿರಾಕಿಗಳು ಹೊಸಬರಲ್ಲ. ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ಯುದ್ಧಕ್ಕೆ ಮುಂಚೆ ಕಡಲ ಕಡೆಯಿಂದ ರೈಲಿನಲ್ಲಿ ಒಣಮೀನಿನ ಗೊಬ್ಬರ ಮದ್ದೂರಿಗೆ ಬಂದು, ಅಲ್ಲಿಂದ ಗಾಡಿಯಲ್ಲಿ ನನ್ನ ಅಂಗಡಿಗೆ ಬರುತ್ತಿತ್ತು. ಕೆಲವು ವರ್ಷ ಮೂಟೆ ಮೂಟೆ, ಕೆಲವು ವರ್ಷ ಹಿಡಿಯಷ್ಟೂ ಇಲ್ಲ. ದಲ್ಲಾಳಿಯನ್ನು ಕೇಳಿದರೆ ಸಮುದ್ರರಾಜನ ಚಿತ್ತ ಅನ್ನುತ್ತಿದ್ದ. ಆ ಚಿತ್ತಕ್ಕೂ ಒಂದು ಕಾರಣ ಇರಬಹುದು ಅಂತ ನನಗೆ ಹೇಳಿದ ಮೊದಲನೆಯವರು ಈ ಹಮೀದ್ ಸಾಬರು.

ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ದಾರಿಯಲ್ಲಿ ಗೊರವನಕಟ್ಟೆ ಅಂತ ಒಂದು ಊರು. ನನ್ನ ಎರಡೆಕರೆ ಗದ್ದೆ ಅಲ್ಲಿದೆ. ಕಾಲುವೆ ನೀರು ಬಂದು ಕಬ್ಬು ಹೆಚ್ಚಿ, ಕಬ್ಬೆಲ್ಲ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೋಗತೊಡಗಿದ ಮೇಲೆ ಊರೊಟ್ಟಿನ ಆಲೆಮನೆ ಖಾಲಿ ಬಿದ್ದಿತ್ತು. ಸಾಬರು ಅದನ್ನು ಕೇಳಿ ಪಡೆದು, ಎಲ್ಲಿಂದಲೋ ಒಂದು ಹಳೇ ಆಯಿಲ್ ಇಂಜಿನ್ನನ್ನೂ ಅದರ ಜೊತೆಗೆ ಬಂದ ನೀರೆತ್ತುವ ಪಂಪನ್ನೂ ತಂದು ಹಿಟ್ಟಿನ ಮಿಲ್ಲು ಇಟ್ಟರು. ಬೆಲ್ಲ ಕಾಯಿಸುತ್ತಿದ್ದ ಕಡೆ ರಾಗಿ ಬೀಸತೊಡಗಿತು. ಹಿಂದಿನ ಚಾವಡಿಯಲ್ಲಿ ಸಂಸಾರ. ಅಜೀಜಾ ಹಿತ್ತಲಲ್ಲಿ ಒಂದು ನುಗ್ಗೆ ಕಡ್ಡಿ ನೆಟ್ಟಳು.

ಆ ಊರಿನ ಕಟ್ಟೆ ದೊಡ್ಡದಲ್ಲ. ಕುಡಿಯುವ ನೀರಿಗೆ ಬೇರೆ ಬಾವಿ ಇದೆ. ಕಟ್ಟೆಯ ನೀರು ದನಕ್ಕೆ, ಬಟ್ಟೆಗೆ, ಕೆಳಗಿನ ಗದ್ದೆಗೆ. ಬೇಸಿಗೆಯಲ್ಲಿ ನಡುವೆ ಒಂದು ಮಡು ಬಿಟ್ಟು ಉಳಿದದ್ದು ಒಣಗುತ್ತದೆ. ಆಗ ತಳದ ಕರೀ ಗೋಡನ್ನು, ಅಂದರೆ ಹೂಳನ್ನು, ಅಗೆದು ಹೊಲಗದ್ದೆಗೆ ಹೊಡೆಯುವುದು ತಾತನ ಕಾಲದ ಪದ್ಧತಿ. ಆದರೆ ತಾತನ ಕಾಲದಲ್ಲಿ ಮನೆಗೆ ಎರಡು ಗಾಡಿ ಗೋಡು. ಈಗ ಕಬ್ಬಿನ ಹೊಟ್ಟೆ ದೊಡ್ಡದು, ಯುದ್ಧದಿಂದ ಮೀನು ಗೊಬ್ಬರದ ವ್ಯಾಗನ್ನು ನಿಂತುಹೋಗಿತ್ತು. ಜನ ಪೈಪೋಟಿಗೆ ಬಿದ್ದು ಮೂರು ಬೇಸಿಗೆ ಒಂದೇ ಸಮನೆ ಕೆರೆದರು. ಕೊನೆಗೆ ಗುದ್ದಲಿಗೆ ಗಟ್ಟಿ ಮಣ್ಣು ಠಣ್ ಅಂದಮೇಲೆ ನಿಲ್ಲಿಸಿದರು. ಮಳೆ ಬಂದು ಕಟ್ಟೆ ತುಂಬಿದಾಗ ನೀರು ಕನ್ನಡಿಯಂತೆ ತಿಳಿಯಾಗಿತ್ತು. ಊರಿನ ಯಜಮಾನ ಚಿಕ್ಕಣ್ಣನವರಿಗೆ ಅದೇ ಹೆಮ್ಮೆ. ಬಂದ ನೆಂಟರನ್ನು ಏರಿಯ ಮೇಲೆ ನಿಲ್ಲಿಸಿ, "ಕಾಸು ಬಿದ್ರೂ ಕಾಣ್ತದೆ ನೋಡಿ" ಅನ್ನುತ್ತಿದ್ದರು. ಯಾರೂ ಕಾಸು ಹಾಕಿ ನೋಡಲಿಲ್ಲ.

ನಲವತ್ಮೂರರಲ್ಲಿ ಶಿವರಾತ್ರಿ ಕಳೆದ ಮೇಲೆ ಅರಳಿಮರದ ಕೆಳಗೆ ಪಂಚಾಯಿತಿ ಸೇರಿತು. ನನಗೂ ಗದ್ದೆ ಇತ್ತಲ್ಲ, ಹೋಗಿದ್ದೆ. ಕಟ್ಟೆಯ ಮೀನು ಹಿಡಿಯುವ ಹಕ್ಕು ಬೆಸ್ತರ ಚಿಕ್ಕಬೋರಮ್ಮನದು. ಗಂಡ ಸತ್ತ ಮೇಲೆ ಅವಳೇ ಬಲೆ ಬೀಸುತ್ತಿದ್ದಳು. ಆಕೆ ಬಂದವಳೇ ಬಲೆಯನ್ನು ಅರಳಿಕಟ್ಟೆಯ ಮೇಲಿಟ್ಟು ಅಂದಳು:

"ನಿಮ್ಮ ಕಟ್ಟೆ ನಿಮಗೇ ಇರ್ಲಿ ಕಣಪ್ಪ. ನಾನು ಮುತ್ತತ್ತಿಗೆ ನಮ್ಮಣ್ಣನ ತಾವಕೆ ಓಯ್ತೀನಿ. ಇಲ್ಲಿನ ಮೀನು ಸಾರಿಗಾಕುದ್ರೆ ಮೀನ್ಯಾವ್ದು ಕರಿಬೇವ್ಯಾವ್ದು ಗೊತ್ತಾಗಾಕಿಲ್ಲ."

"ನೀರು ಎಂಗದೆ ನೋಡಮ್ಮ! ಕನ್ನಡಿ ಕಣಮ್ಮ, ಕನ್ನಡಿ!" ಅಂದರು ಚಿಕ್ಕಣ್ಣ.

"ಕನ್ನಡಿ ತಿನ್ಕಂಡು ಬದುಕ್ತದಾ ಮೀನು?"

ಅಲ್ಲಿಗೆ ಸುಮ್ಮನಿದ್ದರೆ ಅವರು ಹಮೀದ್ ಸಾಬರೇ ಅಲ್ಲ. ಎದ್ದು ನಿಂತರು. ಎರಡು ನೀಲಿಯ ಕತೆ ಮೊದಲಿನಿಂದ ಹೇಳಿದರು. ಅರ್ಧ ಜನ ಸಮುದ್ರವನ್ನೇ ಕಂಡವರಲ್ಲ, ಅವರ ಮುಂದೆ ಸಮುದ್ರವನ್ನು ಬೇಯಿಸಿ ತೋರಿಸಿದರು. ಕೊನೆಗೆ ಅಂದರು: "ನೀವು ಕೆರೆದು ಒಯ್ದಿದ್ದು ಮಣ್ಣಲ್ಲ, ಮೀನಿನ ಉಗ್ರಾಣ. ಗೋಡಲ್ಲಿ ಇರೋ ರಂಜಕ ನೀರಿಗಿಳೀತದೆ, ಉಳ ಅದ ಬುಡಿಸ್ತದೆ, ಪಾಚಿ ತಿಂತದೆ. ಓದ್ ಮಳೇಲಿ ಬಂದು ಕುಂತ ಗೋಡ್ನಾದ್ರೂ ಈ ವರ್ಸ ಮುಟ್ಬ್ಯಾಡಿ. ಬದಲಿಗೆ ಕುರಿ ಮಂದೇನ ಕಟ್ಟೆಯೊಳಗೆ ನಿಲ್ಸಿ."

ಜನ ಬಿದ್ದು ಬಿದ್ದು ನಕ್ಕರು. ಗೊಬ್ಬರಕ್ಕೆ ಅಂತ ಕುರುಬರ ಮಂದೆಯನ್ನು ಹೊಲದಲ್ಲಿ ತಂಗಿಸುವುದು ಎಲ್ಲ ಕಡೆಯೂ ಇದೆ. ಕಟ್ಟೆಯೊಳಗೆ ತಂಗಿಸಿದವರನ್ನು ಯಾರೂ ಕಂಡಿರಲಿಲ್ಲ.

"ಮೀನು ಕುರಿ ಹಿಕ್ಕೆ ತಿಂತದಾ ಸಾಬ್ರೆ?" ಅಂದರು ಚಿಕ್ಕಣ್ಣ.

"ಮೀನು ತಿನ್ನಾಕಿಲ್ಲ. ಹಿಕ್ಕೆ ಸಾರ ಪಾಚಿ ತಿಂತದೆ, ಪಾಚೀನ ಸಣ್ಣುಳ ತಿಂತದೆ, ಸಣ್ಣುಳಾನ ಮೀನು ತಿಂತದೆ."

"ಮೀನ ಯಾರು ತಿಂತಾರೆ?"

"ನೀವೇ ಯಜಮಾನ್ರೆ."

ಚಿಕ್ಕಣ್ಣನವರಿಗೆ ಮೀನೆಂದರೆ ಪ್ರಾಣ ಅಂತ ಊರಿಗೇ ಗೊತ್ತು. ಅರ್ಧ ಒಪ್ಪಿಗೆ ಅಲ್ಲೇ ಸಿಕ್ಕಿತು. ಉಳಿದರ್ಧಕ್ಕೆ ನಾನೂ ಒಂದು ಮಾತು ಸೇರಿಸಿದೆ, ಧರ್ಮಕ್ಕಲ್ಲ. ಗೋಡು ಸಿಗದಿದ್ದರೆ ನನ್ನ ಹಿಂಡಿ ಕೊಳ್ಳುತ್ತಾರಲ್ಲ ಅಂತ.

ಆದರೆ ಚಿಕ್ಕಣ್ಣ ಹಳೇ ಗಿರಾಕಿ, ಗಂಟು ಹಾಕದೆ ಬಿಡುವವರಲ್ಲ. "ಒಂದು ವರ್ಸದ ಗೋಡು ಬುಡ್ತೀವಿ. ಮೀನು ಬರದೆ ಓದ್ರೆ ಆಲೆಮನೆ ಕಾಲಿ ಮಾಡಿ, ಇಂಜಿನ್ ಎತ್ಕಂಡು ಓಗ್ಬೇಕು. ಏನಂತೀರಿ?"

"ಓಯ್ತೀನಿ," ಅಂದರು ಸಾಬರು, ಮೀಸೆ ಮುಟ್ಟಿಕೊಂಡು.

ಮಿಲ್ಲಿಗೆ ಬಂದರೆ ಅಜೀಜಾಗೆ ಸುದ್ದಿ ಆಗಲೇ ಮುಟ್ಟಿತ್ತು. ನಾನು ಜೊತೆಯಲ್ಲೇ ಇದ್ದೆ. ಆಕೆ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಎಲ್ಲಿಗೆ ಓಯ್ತೀರಿ? ಮತ್ತೆ ಸಮುದ್ರಕ್ಕಾ? ಮದುವೆ ಆದಮೇಲೆ ಇದು ನಾಲ್ಕನೇ ಮನೆ. ಮೂರು ಮನೇಲೂ ನಾನು ಒಂದು ಕೊತ್ತಂಬರಿ ಬೀಜ ಉದುರಿಸಿದೋಳಲ್ಲ, ಕುಯ್ಯೋದರೊಳಗೆ ಎಬ್ಬಿಸ್ತೀರಿ ಅಂತ. ಇಲ್ಲಿ ನುಗ್ಗೆ ನೆಟ್ಟಿದ್ದೀನಿ. ಅದು ಕಾಯಿ ಬಿಡೋ ಮುಂಚೆ ನನ್ನ ಗಾಡಿ ಹತ್ತಿಸಿದ್ರೆ, ನೀವೊಬ್ರೇ ಹತ್ಕೊಳ್ಳಿ."

ಸಾಬರು ಇಂಜಿನ್ ಒರೆಸುತ್ತ ನಿಂತರು.

ಎರಡು ವಾರ ಕುರಿ ಮಂದೆ ಕಟ್ಟೆಯ ಒಣ ತಳದಲ್ಲಿ ತಂಗಿತು. ಮಳೆ ಬಂತು, ಕಾಲುವೆ ಬಿಟ್ಟರು, ಕಟ್ಟೆ ತುಂಬಿತು. ಚಿಕ್ಕಬೋರಮ್ಮ ಹೊಳೆಯಿಂದ ಮಡಕೆಗಳಲ್ಲಿ ಮರಿ ಮೀನು ತಂದು ಬಿಟ್ಟಳು. ನೀರು ಮೊದಲು ಕದಡಿತು, ಆಮೇಲೆ ತಿಳಿಹಸಿರಾಯಿತು, ಆಮೇಲೆ ಅಚ್ಚಹಸಿರು. "ಸಾಬ್ರು ಕಟ್ಟೇನ ಸೊಪ್ಪಿನ ಸಾರು ಮಾಡವ್ರೆ" ಅಂತ ಊರು ಆಡಿಕೊಂಡಿತು. ಚಿಕ್ಕಣ್ಣನವರು ನೆಂಟರನ್ನು ಏರಿಯ ಕಡೆ ಕರೆದೊಯ್ಯುವುದನ್ನು ನಿಲ್ಲಿಸಿದರು. ಆದರೆ ಗೌರಿಹಬ್ಬದ ಹೊತ್ತಿಗೆ ಚಿಕ್ಕಬೋರಮ್ಮ ಒಂದು ಸಲ ಬಲೆ ಬೀಸಿ, ಬಂದ ಮೀನನ್ನು ನೋಡಿ, ಮತ್ತೆ ನೀರಿಗೇ ಬಿಟ್ಟು, ಯಾರಿಗೂ ಏನೂ ಹೇಳದೆ ಮನೆಗೆ ಹೋದಳು. ಎಲ್ಲರೂ ಕೆಟ್ಟ ಸುದ್ದಿ ಅಂದುಕೊಂಡರು. ನನಗೆ ಮಾತ್ರ ಧೈರ್ಯ ಬಂತು. ವ್ಯಾಪಾರ ಬಲ್ಲವರು ನಷ್ಟವಾದರೆ ಕೂಗುತ್ತಾರೆ, ಲಾಭ ಕಂಡರೆ ಬಾಯಿ ಮುಚ್ಚುತ್ತಾರೆ.

ಕಾರ್ತಿಕದಲ್ಲಿ ಚಿಕ್ಕಣ್ಣನವರ ಮಗಳ ಮದುವೆ ಗೊತ್ತಾಯಿತು. ಬೀಗರೂಟಕ್ಕೆ ಕಟ್ಟೆಯ ಮೀನು ಅಂತ ಊರೆಲ್ಲ ಹೇಳಿದ್ದರು. ಮದುವೆಯ ವಾರವೇ ಮೋಡ ಕವಿದು, ಗಾಳಿಯೂ ಇಲ್ಲ ಬಿಸಿಲೂ ಇಲ್ಲ ಅನ್ನುವಂಥ ಮಂಕು ಹಿಡಿಯಿತು. ನಾನು ಮದುವೆ ಮನೆಯ ಕರಿದ ತಿಂಡಿಗೆಂದು ಎರಡು ಡಬ್ಬ ಕಡಲೆಕಾಯಿ ಎಣ್ಣೆ ಹೇರಿಕೊಂಡು ಮುಂಜಾನೆಯೇ ಗಾಡಿಯಲ್ಲಿ ಹೋದೆ. ಏರಿಯ ಮೇಲೆ ಜನ ಗುಂಪು ಕಟ್ಟಿದ್ದರು. ಕಟ್ಟೆಯ ತುಂಬ ಮೀನುಗಳು ನೀರ ಮೇಲೆ ಬಂದು, ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿದ್ದವು. ಏನೋ ಹೇಳಲು ಬಂದು ಮಾತು ಮರೆತವರ ಹಾಗೆ. ನಾಲ್ಕಾರು ಆಗಲೇ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

"ಇಸ ಆಗದೆ ನೀರು! ಹಸ್ರು ಕಂಡಾಗ್ಲೇ ಅಂದೆ ನಾನು!" ಅಂತ ಯಾರೋ ಕೂಗಿದರು. ದನ ನೀರಿಗಿಳಿಯದಂತೆ ಹೆಂಗಸರು ಅಡ್ಡ ನಿಂತರು. ಚಿಕ್ಕಣ್ಣನವರ ಮುಖ ಕಪ್ಪಾಗಿತ್ತು.

"ಸಾಬ್ರೆ, ಮಗಳ ಮದುವೆ ಹೊತ್ಗೆ ಸರ್ಯಾಗಿ ಊರ ಕಟ್ಟೆ ಕೆಡಿಸುದ್ರಿ. ಇವತ್ತೇ ಕಾಲಿ ಮಾಡಿ."

ಹಮೀದ್ ಸಾಬರು ರಂಜಕ ಅನ್ನಲಿಲ್ಲ, ಡಾಕ್ಟರ ಹೆಸರೆತ್ತಲಿಲ್ಲ. "ಮಾಡ್ತೀನಿ ಯಜಮಾನ್ರೆ. ಓಗೋಕೆ ಮುಂಚೆ ಈ ನೀರು ಒರಗಾಕ್ಬುಡ್ತೀನಿ. ಕೆಡಿಸ್ದೋನೇ ತೊಳೀಬೇಕು," ಅಂದು ಮಿಲ್ಲಿನ ಕಡೆ ಓಡಿದರು.

ಇಂಜಿನ್ನನ್ನೂ ಪಂಪನ್ನೂ ನನ್ನ ಗಾಡಿಯಲ್ಲೇ ಎಳೆದು ತಂದದ್ದಾಯಿತು. ಇಂಜಿನ್ನಿಗೆ ಹಾಕಲು ಕ್ರೂಡಾಯಿಲ್ ಒಂದು ಚೊಂಬಿನಷ್ಟು ಮಾತ್ರ ಇತ್ತು. ಯುದ್ಧಕಾಲ, ಎಲ್ಲಿಂದ ಬರಬೇಕು? ಸಾಬರ ಕಣ್ಣು ನನ್ನ ಡಬ್ಬಗಳ ಮೇಲೆ ಬಿತ್ತು.

"ಸೆಟ್ರೆ, ಆ ಡಬ್ಬ."

"ಅದು ಕಜ್ಜಾಯಕ್ಕೆ ಬಂದದ್ದು ಸಾಬ್ರೆ."

"ಕಡಲ ತೀರದಲ್ಲಿ ಕಂಡಿವ್ನಿ, ಇಂಜಿನ್ ಇದನ್ನೂ ಕುಡೀತದೆ. ಕೊಡಿ."

ಆ 'ಕೊಡಿ'ಯಲ್ಲಿ ಬೇಡುವುದೂ ಇತ್ತು, ಗದರುವುದೂ ಇತ್ತು. ಕೊಟ್ಟೆ. ಕೈ ಕೊಟ್ಟಿತು, ಹೊಟ್ಟೆ ಉರಿಯಿತು. ಚೊಂಬಿನ ಕ್ರೂಡಾಯಿಲ್ ಕುಡಿಸಿ ಇಂಜಿನ್ ಎಬ್ಬಿಸಿ, ಅದು ಬಿಸಿಯಾದ ಮೇಲೆ ನನ್ನ ಎಣ್ಣೆ ಸುರಿದರು. ಇಂಜಿನ್ ಒಮ್ಮೆ ಕೆಮ್ಮಿ, ಆಮೇಲೆ ಡಗ ಡಗ ಅಂತ ಹಿಡಿಯಿತು. ಹೊಗೆ ಬಂತು ನೋಡಿ, ಇಡೀ ಊರಿಗೆ ಬೋಂಡ ಕರಿಯುವ ವಾಸನೆ! ಅಷ್ಟು ಹೊತ್ತು ಬೈಯುತ್ತಿದ್ದವರು ಮೂಗು ಅರಳಿಸಿದರು. ನಾಯಿಗಳು ಬಂದು ಪಂಪಿನ ಸುತ್ತ ಕೂತವು.

ಆದರೆ ಪೈಪು ಗಿಡ್ಡ. ಏರಿಯಾಚೆ ಬೀಳಬೇಕಾದ ಹಸಿರು ನೀರು ಏರಿಯವರೆಗೂ ಹೋಗದೆ, ಎತ್ತರಕ್ಕೆ ಚಿಮ್ಮಿ, ಚೂರು ಚೂರಾಗಿ ಮತ್ತೆ ಕಟ್ಟೆಗೇ ಬೀಳುತ್ತಿತ್ತು. ಮಳವಳ್ಳಿಗೆ ಹೋಗಿ ಪೈಪು ತರುತ್ತೇನೆ, ಇಂಜಿನ್ ನಿಲ್ಲಿಸುತ್ತೇನೆ ಅಂತ ಸಾಬರು ಕೈ ಇಟ್ಟರು. ಅಷ್ಟರಲ್ಲಿ ಸೊಂಟದ ನೀರಿನಲ್ಲಿ ನಿಂತಿದ್ದ ಚಿಕ್ಕಬೋರಮ್ಮ ಕೂಗಿದಳು:

"ಏ ಸಾಬಣ್ಣ! ನಿಲ್ಲುಸ್ಬ್ಯಾಡ! ಮೀನೆಲ್ಲ ಆ ನೀರಿನ ಕೆಳಕ್ಕೆ ಓಯ್ತಾವೆ ನೋಡು!"

ನಿಜ. ನೀರು ಬೀಳುವ ಕಡೆಗೆ ಮೀನು ಸಾಲುಗಟ್ಟಿ ಹೋಗುತ್ತಿದ್ದವು. ಹೋದವು ಬಾಯಿ ಬಿಡುವುದನ್ನು ನಿಲ್ಲಿಸುತ್ತಿದ್ದವು.

"ಇಸ ಅಲ್ಲ ಕಣ್ರಪ್ಪ, ಉಸಿರು ಸಾಲ್ದು!" ಅಂದಳು ಆಕೆ. "ಮಡಕೇಲಿ ಮರಿ ತರುವಾಗ ದಾರಿ ಉದ್ದಕ್ಕೂ ನೀರ ಕೈಯಲ್ಲಿ ಬಡೀತಾ ಬರಾಕಿಲ್ವಾ ನಾವು? ಬಡೀದಿದ್ರೆ ಇಂಗೇ ಬಾಯಿ ಬುಡ್ತಾವೆ. ಪಾಚಿ ಜಾಸ್ತಿ ಆಯ್ತು, ಗಾಳಿ ಬಿಸ್ಲು ಇಲ್ಲ, ಅಷ್ಟೇಯ. ಓಡ್ಸು ಓಡ್ಸು!"

ಓಡಿಸಿದರು. ಒಂದು ಡಬ್ಬ ಮುಗಿಯಿತು, ಎರಡನೆಯದು ತೆರೆದರು. ಮಧ್ಯಾಹ್ನದ ಹೊತ್ತಿಗೆ ಮೋಡ ಸರಿದು ಬಿಸಿಲು ಬಿತ್ತು. ನೀರ ಮೇಲೆ ಒಂದು ಬಾಯಿಯೂ ಉಳಿಯಲಿಲ್ಲ. ಚಿಕ್ಕಬೋರಮ್ಮ ನೋಡೋಣ ಅಂತ ಬಲೆ ಬೀಸಿದಳು. ಬಲೆ ಎಳೆಯಲು ಇನ್ನಿಬ್ಬರು ನೀರಿಗಿಳಿಯಬೇಕಾಯಿತು. ಬಂದ ಮೀನುಗಳಲ್ಲಿ ಒಂದನ್ನು ಎತ್ತಿ ಮೊಳಕೈಗೆ ಹಿಡಿದಳು. ಬಾಲ ಅಂಗೈಯನ್ನು ದಾಟಿ ನೇತಾಡಿತು. ಈ ಸಲ ಆಕೆಗೆ ಬಾಯಿ ಮುಚ್ಚಲಾಗಲಿಲ್ಲ. "ಇದು ಯಾವ್ದು, ಕರಿಬೇವಾ?" ಅಂತ ತನ್ನ ಮಾತಿಗೆ ತಾನೇ ನಕ್ಕಳು.

ಸಾಬರು ಇಂಜಿನ್ ಪಕ್ಕದ ಮಣ್ಣಿನ ಮೇಲೆ ಕುಸಿದು ಕೂತಿದ್ದರು. ಮೀಸೆ ಜೋತಿತ್ತು. ಅಜೀಜಾ ಒಂದು ಲೋಟ ಚಹಾ ತಂದು ಕೈಗೆ ಕೊಟ್ಟು ಪಕ್ಕದಲ್ಲೇ ನಿಂತಳು.

ಚಿಕ್ಕಣ್ಣನವರು ಮೀನನ್ನೊಮ್ಮೆ, ಸಾಬರನ್ನೊಮ್ಮೆ ನೋಡಿದರು. ತಪ್ಪಾಯಿತು ಅನ್ನುವುದು ನಮ್ಮ ಕಡೆಯ ಯಜಮಾನರ ಬಾಯಲ್ಲಿ ಬರುವ ಮಾತಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಅಂದರು:

"ಆಲೆಮನೆ ಬಾಗ್ಲು ಗೆದ್ದಲು ತಿಂದದಲ್ಲ ಸಾಬ್ರೆ? ಮದುವೆ ಕಳೀಲಿ, ಊರೊಟ್ಟಿಂದ ಹೊಸದು ಮಾಡ್ಸೋಣ."

ಅಜೀಜಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮನೆ ಕಡೆ ಹೋದಳು. ಇಂಜಿನ್ ಇಳಿಸಲು ನಾವು ಮಿಲ್ಲಿಗೆ ಹೋದಾಗ ಹಿತ್ತಲಿನಿಂದ ನುಗ್ಗೆ ಗಿಡಕ್ಕೆ ನೀರು ಹೊಯ್ಯುವ ಸದ್ದು ಕೇಳಿಸಿತು. ಹಿಂಗಾರು ಮಳೆಗೆ ನೆಲ ಇನ್ನೂ ಹಸಿಯಾಗಿತ್ತು, ಅದಕ್ಕೆ ನೀರಿನ ಅಗತ್ಯವೇ ಇರಲಿಲ್ಲ.

ಮದುವೆ ಮನೆಗೆ ಎಣ್ಣೆ ತರಲು ನಾನು ಮತ್ತೊಮ್ಮೆ ಗಾಡಿ ಹೂಡಬೇಕಾಯಿತು. ಬೀಗರೂಟದಲ್ಲಿ ಎಲ್ಲರೂ ಮೀನು ಹೊಗಳಿದರಂತೆ. ನಾನು ಮೀನು ತಿನ್ನುವ ಪೈಕಿಯಲ್ಲ, ಕಜ್ಜಾಯ ತಿಂದು ಬಂದೆ.

ಒಂದೇ ವಾರದಲ್ಲಿ ಸಾಬರ ಮಾತಿನ ಮಣ ವಾಪಸು ಬಂತು. ಪೈಪನ್ನು ತಾನು ಬೇಕೆಂತಲೇ ಗಿಡ್ಡ ಇಟ್ಟಿದ್ದು, ಸಮುದ್ರದಲ್ಲಿ ಅಲೆ ಮಾಡುವ ಕೆಲಸವನ್ನು ಕಟ್ಟೆಯಲ್ಲಿ ಪೈಪು ಮಾಡಬೇಕು ಅಂತ ಡಾಕ್ಟರು ಹೇಳಿದ್ದರು ಅಂತ ಈಗ ಹೇಳುತ್ತಾರೆ. ಚಿಕ್ಕಬೋರಮ್ಮ ಎದುರಿಗಿದ್ದಾಗ ಮಾತ್ರ ಹೇಳುವುದಿಲ್ಲ. ಆಕೆ ಮುತ್ತತ್ತಿಗೆ ಹೋಗಲಿಲ್ಲ. ಗೋಡನ್ನು ಒಂದು ವರ್ಷ ಕಟ್ಟೆಯ ಮೂಡಲ ಅರ್ಧದಿಂದ, ಮರುವರ್ಷ ಪಡುವಲ ಅರ್ಧದಿಂದ ಮಾತ್ರ ತೆಗೆಯಬೇಕು ಅಂತ ಊರು ಕಟ್ಟು ಮಾಡಿಕೊಂಡಿತು. ನನ್ನ ಹಿಂಡಿ ವ್ಯಾಪಾರ ಅಂದುಕೊಂಡಷ್ಟು ಏರಲಿಲ್ಲ. ಯಾಕೆಂದರೆ ಆ ಹಸಿರು ನೀರು ಹರಿದ ಗದ್ದೆಗಳು ಹಿಂಡಿ ಕೇಳಲಿಲ್ಲ.

ಈಗ ನಲವತ್ತೇಳು. ನುಗ್ಗೆ ಮರ ಆಲೆಮನೆಯ ಸೂರು ದಾಟಿದೆ. ಸಾಬರು ಪೇಟೆಗೆ ಬಂದಾಗಲೆಲ್ಲ ಅಜೀಜಾ ಒಂದು ಕಟ್ಟು ನುಗ್ಗೆಕಾಯಿ ಕಳಿಸುತ್ತಾಳೆ. ಅವರು ಅದೇ ಹಿಂಡಿ ಮೂಟೆಯ ಮೇಲೆ ಕೂತು ಎರಡು ನೀಲಿಯ ಕತೆ ಹೇಳುತ್ತಾರೆ. ನಾನು ಸಮುದ್ರ ಎಷ್ಟು ತಗ್ಗಿತು ಅಂತ ಕೇಳುತ್ತೇನೆ. ತಳದಲ್ಲಿ ಕಲ್ಲಿರಬಹುದು ಅಂದಿದ್ದೆನಲ್ಲ, ಇದೆ. ಆದರೆ ಆ ಚೀಲವನ್ನು ನಾನೀಗ ಬೇರೆಯವರಿಗೆ ಮಾರುವುದಿಲ್ಲ.

ಅಕ್ಕಿಗೆ ರೇಷನ್ ಚೀಟಿ ಹಿಡಿದು ಮಳವಳ್ಳಿಯ ಜನ ಸಾಲು ನಿಂತ ವರ್ಷಗಳಲ್ಲಿ ನನ್ನ ಮನೆಯ ಆರು ಎಲೆಗೆ ಬಿದ್ದದ್ದು ಗೊರವನಕಟ್ಟೆಯ ಕೆಳಗೆ ಆ ಹಸಿರು ನೀರು ಕುಡಿದ ನನ್ನ ಗದ್ದೆಯ ಅನ್ನ. ಆ ಅನ್ನ ಹಮೀದ್ ಸಾಬರ ಋಣ.